960 ಪುಟ, 30 ವಾರ

ಓದುಗರ ಪತ್ರ: "ಮೂರು ವರ್ಷದಿಂದ ಯುಗಾದಿ ದಿನ ಡೈರಿಯಲ್ಲಿ ಗುರಿ ಬರೆದುಕೊಳ್ಳುತ್ತೇನೆ. ಈ ಸಲ ಐದು: ದೂರಶಿಕ್ಷಣದಲ್ಲಿ ಕಟ್ಟಿರುವ ಎಂ.ಎ. ಕನ್ನಡ ಮೊದಲ ವರ್ಷ ಪಾಸಾಗುವುದು, 8 ಕೆ.ಜಿ. ತೂಕ ಇಳಿಸುವುದು, ಇಂಗ್ಲಿಷ್ ಮಾತಾಡಲು ಕಲಿಯುವುದು, 50,000 ರೂಪಾಯಿ ಉಳಿಸುವುದು, ದಿನಾ ಐದಕ್ಕೆ ಏಳುವುದು. ಪುಸ್ತಕಗಳು ಒಟ್ಟು 960 ಪುಟ. ಮೂರು ತಿಂಗಳಲ್ಲಿ ಮುಗಿಸುವ ಲೆಕ್ಕ ಹಾಕಿದ್ದೆ. ತಿಂಗಳಾಯಿತು, 40 ಪುಟ ದಾಟಿಲ್ಲ. ಪರೀಕ್ಷೆಗೆ 30 ವಾರ ಇದೆ. ಬೆಳಿಗ್ಗೆ ಎದ್ದರೆ ದಿನ ಬಿಟ್ಟು ದಿನ ನಲ್ಲಿ ನೀರು, ಸಂಜೆ ಆಫೀಸಿನಿಂದ ಬಂದರೆ ಮಕ್ಕಳು. ನನಗೆ ಛಲವೇ ಇಲ್ಲವೇ?" (ಹಿರಿಯೂರಿನಿಂದ, ಹೆಸರು ಬೇಡ ಎಂದಿದ್ದಾರೆ)

ಮನೆ, ಆಫೀಸು ಎರಡನ್ನೂ ತೂಗಿಸಿಕೊಂಡು ಮತ್ತೆ ಫೀಸು ಕಟ್ಟಿ ಪುಸ್ತಕ ತರಿಸಿಕೊಂಡವರಿಗೆ ಛಲ ಇಲ್ಲ ಎಂದರೆ ನಾವು ಒಪ್ಪುವುದಿಲ್ಲ. ತೊಡಕಿರುವುದು ಪಟ್ಟಿಯಲ್ಲಿ. ಓದು, ವ್ಯಾಯಾಮ, ಇಂಗ್ಲಿಷ್ ಮೂರೂ ಬೆಳಗಿನ ಅದೇ ಒಂದು ಗಂಟೆಯನ್ನು ನಂಬಿಕೊಂಡಿವೆ. ಆ ಗಂಟೆ ದಿನ ಬಿಟ್ಟು ದಿನ ನೀರು ಹಿಡಿಯುವುದರಲ್ಲೇ ಹೋಗುತ್ತದೆ. ಐದಕ್ಕೆ ಏಳುವುದಂತೂ ಗುರಿಯೇ ಅಲ್ಲ, ಓದುವುದಕ್ಕೆ ಹುಡುಕಿಕೊಂಡ ದಾರಿ.

ಪರೀಕ್ಷೆಯೊಂದನ್ನೇ ಇಟ್ಟುಕೊಳ್ಳಿ. ತೂಕ, ಇಂಗ್ಲಿಷ್ ಎರಡನ್ನೂ ಬೇರೆ ಹಾಳೆಯಲ್ಲಿ "ಪರೀಕ್ಷೆ ಆದಮೇಲೆ" ಎಂದು ಬರೆದಿಡಿ. ಉಳಿತಾಯಕ್ಕೆ ದಿನಾ ಮನಸ್ಸು ಗಟ್ಟಿ ಮಾಡಬೇಕಿಲ್ಲ. ಬ್ಯಾಂಕಿನಲ್ಲಿ ಒಂದು ಆರ್‌.ಡಿ. ತೆರೆದು, ಸಂಬಳ ಬಂದ ಮರುದಿನ ಕಂತು ತಾನಾಗಿ ಕಟ್ಟಾಗುವಂತೆ ಬರೆದುಕೊಟ್ಟು ಬನ್ನಿ. 50,000ಕ್ಕೆ ತಿಂಗಳಿಗೆ ಸುಮಾರು 4,170 ಬೇಕು. ಅಷ್ಟಾಗದಿದ್ದರೆ 2,000ದಿಂದ ಶುರು ಮಾಡಿ, ವರ್ಷಕ್ಕೆ 24,000 ಅಸಲು ಕೂಡುತ್ತದೆ.

ಈಗ ಓದಿನ ಲೆಕ್ಕ. ಮೂರು ತಿಂಗಳು ಸಾಕು ಎಂದುಕೊಂಡಿದ್ದು ನಿಮ್ಮೊಬ್ಬರ ತಪ್ಪಲ್ಲ. 1994ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಪದವಿಯ ಕೊನೆಯ ವರ್ಷದ ಆನರ್ಸ್ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನದಲ್ಲಿ ಮುಗಿಸುತ್ತೇವೆ ಎಂದಿದ್ದರು. ಹಿಡಿದದ್ದು 55 ದಿನ. ಕೆಲಸ ನಿರಾತಂಕವಾಗಿ ಸಾಗುವುದನ್ನಷ್ಟೇ ಮನಸ್ಸು ಊಹಿಸಿಕೊಳ್ಳುತ್ತದೆ. ಜ್ವರ, ನೆಂಟರು, ಮಕ್ಕಳ ಪರೀಕ್ಷೆ ಆ ಚಿತ್ರದಲ್ಲಿ ಬರುವುದಿಲ್ಲ. ಅದೇ ಅಳತೆಯಲ್ಲಿ ನಿಮ್ಮ ಮೂರು ತಿಂಗಳು ಐದಾಗುತ್ತದೆ.

ಹಾಗಾಗಿ ಊಹೆ ಬಿಟ್ಟು ಅಳೆಯಿರಿ. ಈ ವಾರ ಮೂರು ದಿನ, ಗಡಿಯಾರ ನೋಡಿ 45 ನಿಮಿಷ ಟಿಪ್ಪಣಿ ಮಾಡುತ್ತ ಓದಿ, ಎಷ್ಟು ಪುಟ ಆಯಿತು ಎಂದು ಬರೆದಿಡಿ. ಹಳಗನ್ನಡ ಪದ್ಯಗಳ ಅನ್ವಯ ಬಿಡಿಸುವಾಗ ಎರಡು ಪುಟವೂ ಸಾಗದಿರಬಹುದು, ಸಾಹಿತ್ಯ ಚರಿತ್ರೆ ಹತ್ತು ಪುಟ ಓಡಬಹುದು. ಮೂರು ದಿನವೂ ಬೇರೆ ಬೇರೆ ವಿಷಯದ ಪುಸ್ತಕ ಹಿಡಿಯಿರಿ. ಸರಾಸರಿ 6 ಪುಟ ಬಂತು ಅನ್ನೋಣ. ಆಗ 960 ಪುಟಕ್ಕೆ 45 ನಿಮಿಷದ 160 ಅವಧಿ. 30 ವಾರದಲ್ಲಿ ಕೊನೆಯ ನಾಲ್ಕು ಪುನರಾವರ್ತನೆಗೆ, ಇನ್ನು ನಾಲ್ಕು ಹಬ್ಬ, ಕಾಯಿಲೆ, ಶಾಲೆ ಶುರುವಾಗುವ ಗಡಿಬಿಡಿಗೆ. ಉಳಿದದ್ದು 22. ವಾರಕ್ಕೆ ಏಳು ಅವಧಿ ಮೀರುತ್ತದೆ, ಎಂದರೆ ಬಿಡುವೇ ಇಲ್ಲ. ಇಂಥ ಯೋಜನೆ ಮೊದಲ ಜ್ವರಕ್ಕೇ ಮುರಿಯುತ್ತದೆ.

ಅವಧಿ ಹೆಚ್ಚಿಸಬೇಡಿ, ಪುಟಗಳನ್ನು ವಿಂಗಡಿಸಿ. ಹಳೆಯ ಐದು ವರ್ಷದ ಪ್ರಶ್ನೆಪತ್ರಿಕೆ ಸಂಪಾದಿಸಿ, ಪ್ರತಿ ಪ್ರಶ್ನೆ ಯಾವ ಘಟಕದ್ದು ಎಂದು ಪರಿವಿಡಿಯಲ್ಲಿ ಗೀಟು ಹಾಕುತ್ತ ಹೋಗಿ. ಗೀಟು ಹೆಚ್ಚು ಬಿದ್ದ ಸುಮಾರು 600 ಪುಟಕ್ಕೆ ಟಿಪ್ಪಣಿ. ಉಳಿದ 360 ಪುಟವನ್ನು ಅವಧಿಗೆ 12ರಂತೆ ಒಮ್ಮೆ ಓದಿದರೆ ಸಾಕು. 100 ಮತ್ತು 30, ಒಟ್ಟು 130 ಅವಧಿ. ವಾರಕ್ಕೆ ಆರು.

ಸೋಮವಾರದಿಂದ ಶುಕ್ರವಾರ ದಿನಕ್ಕೊಂದು, ಭಾನುವಾರ ಒಂದು. ಶನಿವಾರ ಖಾಲಿ ಬಿಡಿ, ತಪ್ಪಿದ್ದನ್ನು ತುಂಬಿಕೊಳ್ಳಲು.

ಹೊತ್ತನ್ನೂ ಜಾಗವನ್ನೂ ಬರೆದೇ ಗೊತ್ತು ಮಾಡಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳು ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಬೇಕಿತ್ತು. ಎಲ್ಲಿ, ಯಾವಾಗ ಕೂತು ಬರೆಯುತ್ತೇವೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಮುಕ್ಕಾಲು ಪಾಲು ಸಮಯಕ್ಕೆ ಮುಗಿಸಿದರು. ಉಳಿದವರಲ್ಲಿ ಮೂರನೇ ಒಂದು ಪಾಲು. ನಿಮ್ಮ ವಾಕ್ಯ ಹೀಗಿರಲಿ: "ನೀರು ಬಾರದ ದಿನ ಬೆಳಿಗ್ಗೆ 5:15ಕ್ಕೆ ಹಾಲು ಕಾಯಿಸಿ ಇಳಿಸಿದ ಕೂಡಲೇ ನಡುಮನೆಯ ಮೇಜಿಗೆ. ನೀರು ಬರುವ ದಿನ ರಾತ್ರಿ 9:30ಕ್ಕೆ ಮಕ್ಕಳು ಮಲಗಿದ ಮೇಲೆ, ಅದೇ ಮೇಜಿಗೆ." ರಾತ್ರಿ ಹೆಪ್ಪು ಹಾಕುವ ಹೊತ್ತಿಗೆ ಪುಸ್ತಕವನ್ನು ಓದಬೇಕಾದ ಪುಟಕ್ಕೆ ತೆರೆದು, ಪೆನ್ನು ಅದರ ಮೇಲಿಟ್ಟು ಮಲಗಿ. ಬೆಳಗಿನ ಮೊದಲ ಹತ್ತು ನಿಮಿಷ ಹಾಳಾಗುವುದು ಹುಡುಕಾಟದಲ್ಲೇ.

ಮನೆಯವರನ್ನು "ಸ್ವಲ್ಪ ಸಹಕರಿಸಿ" ಎಂದು ಕೇಳಿದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಭಾನುವಾರ ಮೂರರಿಂದ ನಾಲ್ಕು ಮಕ್ಕಳು ನಿಮ್ಮ ಹತ್ತಿರ ಇರಲಿ" ಎಂದು ಯಜಮಾನರಿಗೆ ಹೇಳಿ.

ಒಂದು 100 ಪುಟದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆಯಿರಿ: ತಾರೀಕು, ಪುಟ, ಪ್ರಶ್ನೆ. ಗಂಟೆ ಬರೆಯಬೇಡಿ, ಪುಟ ನೋಡುತ್ತ ತೂಕಡಿಸಿದರೂ ಗಂಟೆ ಆಗಿಬಿಡುತ್ತದೆ. ಒಂದು ಸಾಲು ಹೀಗಿರಬಹುದು: "ಜೂನ್ 9, 112–117, ವಚನದ ಭಾಷೆ ಚಂಪೂವಿನ ಭಾಷೆಗಿಂತ ಹೇಗೆ ಬೇರೆ?" ಮರುದಿನ ಪುಸ್ತಕ ಮುಟ್ಟುವ ಮೊದಲು ಆ ಪ್ರಶ್ನೆಗೆ ನೆನಪಿನಿಂದಲೇ ಮೂರು ಸಾಲು ಬರೆಯಿರಿ. ಬರಲಿಲ್ಲವೆಂದರೆ ಓದಿದ್ದು ಕಣ್ಣಿನಲ್ಲೇ ನಿಂತಿದೆ. ಆ ಪುಟಗಳಿಗೆ ಮತ್ತೆ ಹೋಗಿ.

ದಿನ ತಪ್ಪುತ್ತದೆ, ಗಾಬರಿ ಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿದಾಗ ಹೊಸ ಅಭ್ಯಾಸ ಕೂಡಿಬರಲು ಒಬ್ಬೊಬ್ಬರಿಗೆ 18ರಿಂದ 254 ದಿನ ಬೇಕೆಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಷ್ಟು ನಷ್ಟವಾಗಲಿಲ್ಲ. ಕೆಡಿಸುವುದು "ನಾಳೆ ಎರಡರಷ್ಟು ಓದುತ್ತೇನೆ" ಎಂಬ ಮಾತು. ಎರಡರಷ್ಟು ಆಗುವುದಿಲ್ಲ, ಬಾಕಿ ಮೂರರಷ್ಟಾಗುತ್ತದೆ, ಆಮೇಲೆ ಪುಸ್ತಕ ಕಂಡರೇ ಸಂಕಟ. ತಪ್ಪಿದ್ದರಲ್ಲಿ ಒಂದನ್ನು ಮಾತ್ರ ಶನಿವಾರಕ್ಕೆ ತನ್ನಿ. ಸತತ ಎರಡು ದಿನ ತಪ್ಪಿದರೆ ಮೂರನೇ ದಿನ 15 ನಿಮಿಷವಾದರೂ ಕೂರಿ.

ತಪ್ಪಿದ ದಿನದ ಮುಂದೆ ಕಾರಣ ಒಂದೇ ಪದದಲ್ಲಿ ಇರಲಿ: ನೀರು, ನೆಂಟರು, ನಿದ್ದೆ. ನಾಲ್ಕನೇ ಭಾನುವಾರ ಎಣಿಸಿ. 24ರಲ್ಲಿ 20 ಆಗಿದ್ದರೆ ಹಾಗೇ ಸಾಗಿ. 16ಕ್ಕಿಂತ ಕಡಿಮೆಯಾದರೆ ಯಾವ ಪದ ಹೆಚ್ಚು ಸಲ ಇದೆ ನೋಡಿ. ನಿದ್ದೆ ಎಂದಿದ್ದರೆ ಅಲಾರಂ ಹಿಂದಕ್ಕೆ ತರುವುದರಿಂದ ಏನೂ ಆಗದು, ಮಲಗುವ ಹೊತ್ತನ್ನು ಮುಕ್ಕಾಲು ಗಂಟೆ ಹಿಂದಕ್ಕೆ ತರಬೇಕು. ರಾತ್ರಿಯ ಅವಧಿಯನ್ನು ಮಕ್ಕಳ ಹೋಂವರ್ಕ್ ಹೊತ್ತಿಗೆ, ಅದೇ ಮೇಜಿಗೆ ಸೇರಿಸಬಹುದು.

ಕೊನೆಯ ನಾಲ್ಕು ವಾರ ಹೊಸ ಪುಟ ಬೇಡ. ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಗೆ ಗಡಿಯಾರ ಇಟ್ಟು ಪೂರ್ತಿ ಉತ್ತರ ಬರೆಯಿರಿ. ಬಹಳ ವರ್ಷ ಪರೀಕ್ಷೆ ಬರೆಯದ ಕೈ ಎರಡು ಗಂಟೆಯಾಗುತ್ತಲೇ ನೋಯತೊಡಗುತ್ತದೆ, ಗೊತ್ತಿದ್ದ ಉತ್ತರವೂ ಅರ್ಧಕ್ಕೇ ನಿಲ್ಲುತ್ತದೆ. ಈ ವಾರದ ಮೂರು ದಿನದ ಪುಟಲೆಕ್ಕ ನಮಗೆ ಬರೆದು ಕಳಿಸಿ. 6ರ ಬದಲು 4 ಬಂದಿದ್ದರೆ ವಿಂಗಡಣೆಯನ್ನು ಮತ್ತೆ ಒಟ್ಟಿಗೇ ಮಾಡೋಣ.