ಬೀಡಿ ಬಿಟ್ಟ ಮೇಲೆ ಉದ್ದವಾದ ರಾತ್ರಿ

"ಅತ್ತೆ ರಾತ್ರಿ ಎರಡೂವರೆಗೆ ಎದ್ದು ಪಾತ್ರೆ ತೊಳೆಯುತ್ತಾರೆ ಮೇಡಂ. ಏನಾದ್ರೂ ನಿದ್ರೆ ಮಾತ್ರೆ ಕೊಡಿ."

ಸೊಸೆ ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿದ ಮಾತು ಇದು. ಪಕ್ಕದಲ್ಲಿ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಸುಮ್ಮನೆ ಕೂತಿದ್ದರು. ವಯಸ್ಸು 71. ಮನೆ ಸುರತ್ಕಲ್ ಕಡೆ. ಅವರನ್ನು ಇಲ್ಲಿ ಗಿರಿಜಕ್ಕ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಾಯಿಸಿದ್ದೇನೆ. ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ನಾನು ಸಲಹೆ ಕೊಡುವವಳು, ಮಾತ್ರೆ ಬರೆಯುವುದು ನನ್ನ ಕೆಲಸವಲ್ಲ, ಅದಕ್ಕೆ ಡಾಕ್ಟರ್ ಬೇಕು ಎಂದೆ. ಆಗ ಇನ್ನೊಂದು ಸಂಗತಿ ಹೊರಬಂತು. ಪಕ್ಕದ ಮನೆಯವರು ತಮ್ಮ ನಿದ್ರೆ ಮಾತ್ರೆಯಲ್ಲಿ ಅರ್ಧರ್ಧ ಕೊಟ್ಟಿದ್ದರು. ಗಿರಿಜಕ್ಕ ಹತ್ತು ದಿನ ತೆಗೆದುಕೊಂಡಿದ್ದರು. ಹನ್ನೊಂದನೇ ರಾತ್ರಿ ಮೂತ್ರಕ್ಕೆ ಎದ್ದವರು ಬಚ್ಚಲಿನ ಹೊಸ್ತಿಲಲ್ಲಿ ಬಿದ್ದರು. ಸೊಂಟ ಉಳಿದದ್ದು ದೊಡ್ಡದು. ಮೊಣಕೈಯ ಕಪ್ಪು ಕಲೆ ಇನ್ನೂ ಮಾಸಿರಲಿಲ್ಲ. ವಯಸ್ಸಾದವರ ದೇಹದಿಂದ ಇಂಥ ಮಾತ್ರೆಗಳಲ್ಲಿ ಹಲವು ನಿಧಾನವಾಗಿ ಹೊರಹೋಗುತ್ತವೆ. ಕಾಲು ತಡವರಿಸುತ್ತದೆ, ತಲೆ ಮಂಕಾಗುತ್ತದೆ. ಒಬ್ಬರಿಗೆ ಬರೆದ ನಿದ್ರೆ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ವೈದ್ಯರು ಬರೆದುಕೊಟ್ಟು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದೂ ಬೇಡ.

ಸೊಸೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ನಾವಿಬ್ಬರೂ ತುಳುವಿಗೆ ಬದಲಾದೆವು. "ನಿದ್ರೆ ಬರ್ಪುಜಿ" (ನಿದ್ರೆ ಬರುವುದಿಲ್ಲ) ಎಂದರು. ಆಮೇಲೆ ಅವರು ಹೇಳಿದ್ದು ಹೆಚ್ಚುಕಡಿಮೆ ಹೀಗೆ: "ಬೀಡಿ ಕಟ್ಟುವಾಗ ನಿದ್ರೆ ಬೇಡ ಎಂದರೂ ಬರುತ್ತಿತ್ತು. ಬೀಡಿ ಬಿಟ್ಟ ಮೇಲೆ ರಾತ್ರಿ ಬೇಗ ಬರುತ್ತದೆ, ಮುಗಿಯುವುದೇ ಇಲ್ಲ."

ನಾನು ಪೆನ್ನು ಕೆಳಗಿಟ್ಟೆ.

ಮದುವೆಯಾಗಿ ಬಂದ ವರ್ಷದಿಂದ ಅವರು ಬೀಡಿ ಕಟ್ಟಿದವರು. ದಿನಕ್ಕೆ ಎಂಟುನೂರು, ಸಾವಿರ. ಮಧ್ಯಾಹ್ನ ಬೀಡಿ ಕಂಪನಿಯ ಬ್ರ್ಯಾಂಚಿಗೆ ಹೋಗಿ ಕಟ್ಟಿದ್ದನ್ನು ಕೊಟ್ಟು, ಎಲೆ, ಹೊಗೆಸೊಪ್ಪು, ನೂಲು ತರುವುದು. ಸಂಜೆಯಿಂದ ಮೊರ ಮಡಿಲಲ್ಲಿಟ್ಟು ಕೂತರೆ ಲೆಕ್ಕ ಮುಗಿಯುವಾಗ ರಾತ್ರಿ ಹನ್ನೊಂದು. ಮೊದಲು ಚಿಮಿಣಿ ದೀಪ, ಆಮೇಲೆ ಮುಖದ ಹತ್ತಿರಕ್ಕೇ ಇಳಿಬಿಟ್ಟ ಬಲ್ಬು. ನಾಲ್ಕು ವರ್ಷದ ಹಿಂದೆ ಕಣ್ಣು ಮಂಜಾಯಿತು. ಕುತ್ತಿಗೆ ನೋವೂ ಸೇರಿತು. ಮಗ "ಇನ್ನು ಸಾಕಮ್ಮ" ಎಂದ. ಅಲ್ಲಿಂದ ಏಳೂವರೆಗೆ ಊಟ, ಎಂಟಕ್ಕೆ ಹಾಸಿಗೆ.

ಮಲಗುವುದು ಮೊಮ್ಮಗಳ ಕೋಣೆಯಲ್ಲಿ. ಹುಡುಗಿ ದ್ವಿತೀಯ ಪಿಯುಸಿ. ಅವಳು ಹನ್ನೆರಡರವರೆಗೆ ಓದಿ ಮಲಗುತ್ತಾಳೆ. ಅವಳ ಗಾಢ ನಿದ್ರೆಯ ಹೊತ್ತಿಗೆ ಅಜ್ಜಿ ಎದ್ದು ಓಡಾಡುತ್ತಾರೆ. ಮನೆಯ ಜಗಳ ಶುರುವಾದದ್ದು ಇಲ್ಲಿಂದ.

ನಿದ್ರೆಯ ಡೈರಿ ಬರೆಯುವ ಕೆಲಸವನ್ನು ಈ ಮೊಮ್ಮಗಳಿಗೇ ಕೊಟ್ಟೆ. ಎರಡು ವಾರ. ಗಡಿಯಾರ ನೋಡುತ್ತಾ ಕೂರಬೇಡ, ಬೆಳಿಗ್ಗೆ ಅಜ್ಜಿಯನ್ನು ಕೇಳಿ ಅಂದಾಜಿನಲ್ಲಿ ಬರಿ ಎಂದಿದ್ದೆ. ಅವಳು ಚೌಕ ಗೆರೆಯ ಪುಸ್ತಕದಲ್ಲಿ ಚೆಂದ ಮಾಡಿ ತಂದಳು. ಎಂಟಕ್ಕೆ ಹಾಸಿಗೆ, ಎಂಟೂವರೆಗೆ ನಿದ್ರೆ. ಹನ್ನೊಂದಕ್ಕೆ ಒಮ್ಮೆ, ಒಂದೂವರೆಗೆ ಒಮ್ಮೆ ಮೂತ್ರಕ್ಕೆ ಎದ್ದದ್ದು. ಎರಡೂವರೆಗೆ ಪೂರ್ತಿ ಎಚ್ಚರ. ಆಮೇಲೆ ಅಡುಗೆಮನೆ ಅಥವಾ ಐದೂವರೆವರೆಗೆ ಹೊರಳಾಟ. ಮಧ್ಯಾಹ್ನ ಊಟದ ನಂತರ ಒಂದು ಗಂಟೆಗೂ ಮೀರಿ ನಿದ್ರೆ. ಸಂಜೆ ಏಳರ ಧಾರಾವಾಹಿಯ ಮುಂದೆ ಇಪ್ಪತ್ತು ನಿಮಿಷ ತೂಕಡಿಕೆ.

ಕೂಡಿಸಿ ನೋಡಿ. ರಾತ್ರಿ ಐದೂವರೆ ಗಂಟೆಯ ಹತ್ತಿರ, ಹಗಲು ಒಂದೂವರೆ. ಒಟ್ಟು ಏಳು. 65 ದಾಟಿದವರಿಗೆ 7ರಿಂದ 8 ಗಂಟೆ ಬೇಕು ಎನ್ನುತ್ತಾರೆ. ಅಂದರೆ ಗಿರಿಜಕ್ಕನಿಗೆ ನಿದ್ರೆ ಕಡಿಮೆ ಇರಲಿಲ್ಲ. ಹಾಸಿಗೆ ಜಾಸ್ತಿ ಇತ್ತು. ಒಂಬತ್ತೂವರೆ ಗಂಟೆ ಮಲಗುವ ಜಾಗದಲ್ಲಿ ಐದೂವರೆ ಗಂಟೆಯ ನಿದ್ರೆಯನ್ನು ಹರಡಿದರೆ ನಡುವೆ ತೂತು ಬೀಳುವುದೇ. ಈ ಲೆಕ್ಕ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. "ಹಾಗಾದ್ರೆ ನನಗೆ ಕಾಯಿಲೆ ಅಲ್ವಾ?" ಎಂದು ಕೇಳಿದರು.

ವಯಸ್ಸಾದಂತೆ ನಿದ್ರೆಗೆ ಏನಾಗುತ್ತದೆ ಎಂದು ಅವರಿಗೆ, ಸೊಸೆಗೆ, ಮೊಮ್ಮಗಳಿಗೆ ಒಟ್ಟಿಗೇ ಕೂರಿಸಿ ಹೇಳಿದೆ. ಮೂವರಿಗೂ ಅದು ಬೇಕಿತ್ತು.

ನಿದ್ರೆಯನ್ನು ತರುವುದು ಎರಡು ಸಂಗತಿ. ಮೊದಲನೆಯದು, ಎಚ್ಚರ ಇದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಹನಿಹನಿಯಾಗಿ ಸೇರುತ್ತಾ ಹೋಗುತ್ತದೆ. ಕೊಡ ತುಂಬಿದಾಗ ಕಣ್ಣು ಎಳೆಯುತ್ತದೆ. ಮಧ್ಯಾಹ್ನದ ನಿದ್ರೆ, ಟಿವಿ ಮುಂದಿನ ತೂಕಡಿಕೆ ಎರಡೂ ಆ ಕೊಡವನ್ನು ಅರ್ಧ ಚೆಲ್ಲಿಬಿಡುತ್ತವೆ. ಚಹಾ, ಕಾಫಿಯ ಕೆಫೀನ್ ಕೊಡ ತುಂಬಿದ್ದು ಗೊತ್ತಾಗದಂತೆ ಮರೆ ಮಾಡುತ್ತದೆ. ಎರಡನೆಯದು, ಮಿದುಳಿನ ಒಳಗಿನ ಗಡಿಯಾರ. ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ ಸಾವಿರಾರು ಜೀವಕೋಶಗಳ ಸಣ್ಣ ಗುಂಪು ಅದು. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ದಿನದಿನವೂ ಸಮಯ ಸರಿ ಮಾಡಿಕೊಳ್ಳುತ್ತದೆ.

ಈ ಗಡಿಯಾರ ಜೀವನದುದ್ದಕ್ಕೂ ಒಂದೇ ಹೊತ್ತು ತೋರಿಸುವುದಿಲ್ಲ. ಹದಿಹರೆಯದಲ್ಲಿ ತಡವಾಗುತ್ತಾ ಹೋಗುತ್ತದೆ. 20ರ ಆಸುಪಾಸಿನಲ್ಲಿ ಅತಿ ತಡ. ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಸರಿದು ಮುದಿ ವಯಸ್ಸಿನಲ್ಲಿ ಬೇಗ ನಿದ್ರೆ, ಬೇಗ ಎಚ್ಚರ. ಹೀಗಾಗಿ ಹನ್ನೆರಡಕ್ಕೆ ಮಲಗುವ ಹುಡುಗಿ ಸೋಮಾರಿ ಅಲ್ಲ, ಎರಡೂವರೆಗೆ ಏಳುವ ಅಜ್ಜಿ ಹಟಮಾರಿ ಅಲ್ಲ. ಇದನ್ನು ಕೇಳಿ ಮೊಮ್ಮಗಳು ಅಜ್ಜಿಯ ಕೈ ಹಿಡಿದುಕೊಂಡಳು. ನನಗೆ ಆ ದಿನದ ಕೆಲಸ ಅಲ್ಲೇ ಅರ್ಧ ಆದಂತೆ ಅನಿಸಿತು.

ನಿದ್ರೆಯ ಹದವೂ ಬದಲಾಗುತ್ತದೆ. ಮಿದುಳಿನ ಮುಂಭಾಗದಿಂದ ಏಳುವ ನಿಧಾನದ, ದೊಡ್ಡ ಅಲೆಗಳೇ ಗಾಢ ನಿದ್ರೆ. ಆ ಭಾಗ ವಯಸ್ಸಿನೊಂದಿಗೆ ತೆಳುವಾಗುತ್ತದೆ, ಅಲೆ ಸಣ್ಣದಾಗುತ್ತದೆ. ಮೊದಲು ತಗಡಿನ ಮೇಲೆ ಸೋಗೆ ಬಿದ್ದರೂ ಏಳದವರು ಈಗ ಬೆಕ್ಕು ನಡೆದರೆ ಏಳುತ್ತಾರೆ. ಇದಕ್ಕೆ ಮದ್ದು ಹುಡುಕುವುದು ಬೇಡ.

ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದೂ ತಪ್ಪು. 2004ರಲ್ಲಿ ಮೊರಿಸ್ ಒಹಾಯೊನ್ ಮತ್ತು ಸಂಗಡಿಗರು 65 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. 5ರಿಂದ 102 ವರ್ಷದವರೆಗಿನ 3,577 ಆರೋಗ್ಯವಂತರ ನಿದ್ರೆ ಅದರಲ್ಲಿತ್ತು. ಬಹುಪಾಲು ಬದಲಾವಣೆ 60ರ ಒಳಗೇ ಆಗಿಬಿಡುತ್ತದೆ. ಅದರ ನಂತರವೂ ಇಳಿಯುತ್ತಾ ಹೋಗುವುದು ಒಂದೇ, ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ರೆಯ ಪಾಲು. ಹೀಗಿರುವಾಗ 67ರವರೆಗೆ ಚೆನ್ನಾಗಿ ಮಲಗಿದವರ ನಿದ್ರೆ ಒಮ್ಮೆಲೇ ಹಾಳಾದರೆ "ವಯಸ್ಸಾಯ್ತಲ್ಲ" ಎಂದು ಕೈ ಬಿಡಬಾರದು. ಬೇರೆ ಕಾರಣ ಹುಡುಕಬೇಕು.

ಹುಡುಕಿದೆವು. ಗೊರಕೆ, ಉಸಿರು ಕಟ್ಟುವುದು, ಕಾಲಲ್ಲಿ ಏನೋ ಹರಿದಾಡಿದಂತಾಗುವುದು, ಕನಸಿನಲ್ಲಿ ಕೈಕಾಲು ಬೀಸುವುದು ಯಾವುದೂ ಇಲ್ಲ. ಊಟ ರುಚಿಸುತ್ತಿತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಹೌದು ಎನ್ನುವವರಿದ್ದರೆ ಕಾಯಬಾರದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ರಕ್ತಹೀನತೆ ನೋಡಿಸಲು ಡಾಕ್ಟರ ಹತ್ತಿರ, ಮಂಜಿಗೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಎರಡೂ ಕಣ್ಣಲ್ಲಿ ಪೊರೆ ದಪ್ಪವಾಗಿತ್ತು. ಹಳದಿಯಾದ ಮಸೂರ ನೀಲಿ ಬೆಳಕನ್ನು ತಡೆಯುತ್ತದೆ. ಒಳಗಿನ ಗಡಿಯಾರಕ್ಕೆ ಸಮಯ ಹೇಳುವುದು ಮುಖ್ಯವಾಗಿ ಆ ನೀಲಿ ಬೆಳಕೇ. ಗಿರಿಜಕ್ಕ ಹಗಲಿಡೀ ಒಳಗಿನ ಕೋಣೆಯಲ್ಲೇ ಇರುತ್ತಿದ್ದರು. ಗಡಿಯಾರಕ್ಕೆ ಹಗಲು ಯಾವುದು, ಸಂಜೆ ಯಾವುದು ಎಂದು ತಿಳಿಯುವುದಾದರೂ ಹೇಗೆ?

ಮೂತ್ರದ ವಿಷಯಕ್ಕೆ ಡಾಕ್ಟರು ಬಿ.ಪಿ. ಮಾತ್ರೆಯ ಹೊತ್ತನ್ನು ಬೆಳಿಗ್ಗೆಗೆ ಬದಲಾಯಿಸಿದರು. ನಾನು ಕೇಳಿದ್ದು ರಾತ್ರಿಯ ಊಟವನ್ನು. ಒಂದು ದೊಡ್ಡ ಬಟ್ಟಲು ಕುಚ್ಚಲಕ್ಕಿ ಗಂಜಿ, ತಿಳಿಯ ಸಮೇತ. ಮಲಗುವ ಮುಂಚೆ ಜೀರಿಗೆ ಕಷಾಯ. ಚಿಕ್ಕ ವಯಸ್ಸಿನಲ್ಲಿ ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡುವ ಹಾರ್ಮೋನು ಚೆನ್ನಾಗಿ ಬರುತ್ತದೆ, ಮುದಿ ವಯಸ್ಸಿನಲ್ಲಿ ಅದು ಕುಗ್ಗುತ್ತದೆ. ದಿನವಿಡೀ ಕಾಲು ಇಳಿಬಿಟ್ಟು ಕೂತವರ ಪಾದಕ್ಕಿಳಿದ ನೀರು ಕೂಡ ಮಲಗಿದ ಮೇಲೆ ಮೇಲಕ್ಕೆ ಬಂದು ಮೂತ್ರವಾಗುತ್ತದೆ. ಗಂಜಿಯನ್ನು ಬೆಳಿಗ್ಗೆಗೆ ದೂಡಿದೆವು. ರಾತ್ರಿ ಗಟ್ಟಿ ಅನ್ನ, ಪಲ್ಯ. ಸಂಜೆ ನಾಲ್ಕರ ನಂತರ ಚಹಾ ಇಲ್ಲ. ಮಧ್ಯಾಹ್ನ ಅರ್ಧ ಗಂಟೆ ಕಾಲು ದಿಂಬಿನ ಮೇಲಿಟ್ಟು ಒರಗುವುದು. ನಿದ್ರೆ ಬಂದರೆ ಅಷ್ಟೇ ಹೊತ್ತು, ಮೂರು ಗಂಟೆಯ ಒಳಗೆ.

ಆಮೇಲೆ ಮುಖ್ಯ ಸಲಹೆ. ಹಾಸಿಗೆಯ ಹೊತ್ತನ್ನು ಕಡಿಮೆ ಮಾಡುವುದು. 1987ರಲ್ಲಿ ಆರ್ಥರ್ ಸ್ಪೀಲ್ಮನ್ ಮತ್ತು ಜೊತೆಗಾರರು ಪ್ರಕಟಿಸಿದ ವಿಧಾನದ ಮೆದುವಾದ ರೂಪ ಇದು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ಅಭ್ಯಾಸ ಬದಲಾವಣೆಯ ಚಿಕಿತ್ಸೆ ಕೊಡಿ ಎಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿದೆ. ಗಿರಿಜಕ್ಕನಿಗೆ ಮೊದಲ ವಾರ ಒಂಬತ್ತಕ್ಕೆ ಹಾಸಿಗೆ, ಎರಡನೇ ವಾರ ಒಂಬತ್ತೂವರೆ, ಮೂರನೇ ವಾರ ಹತ್ತು. ಏಳುವುದು ದಿನವೂ ಐದಕ್ಕೆ. ಮೂರ್ಛೆ ರೋಗ ಅಥವಾ ದೊಡ್ಡ ಮಾನಸಿಕ ಕಾಯಿಲೆ ಇರುವವರು ಇದನ್ನು ತಾವಾಗಿ ಮಾಡಲು ಹೋಗಬಾರದು.

ಬೆಳಗಿನ ವಾಕಿಂಗ್ ಬೇಡ ಎಂದಾಗ ಸೊಸೆಗೆ ಆಶ್ಚರ್ಯವಾಯಿತು. ಎಲ್ಲರೂ ಮುಂಜಾನೆ ನಡೆಯಿರಿ ಎನ್ನುತ್ತಾರಲ್ಲ! ಆದರೆ ನಸುಕಿನ ಬೆಳಕು ಗಡಿಯಾರವನ್ನು ಇನ್ನೂ ಹಿಂದಕ್ಕೆ ಎಳೆಯುತ್ತದೆ, ಸಂಜೆಯ ಬೆಳಕು ಮುಂದಕ್ಕೆ ದೂಡುತ್ತದೆ. ಆಗಲೇ ಬೇಗ ಏಳುವವರಿಗೆ ಸಂಜೆ ಬೇಕು. ನಮ್ಮದು ಪಡುವಣ ಕಡಲಿನ ಊರು. ಐದರಿಂದ ಆರರವರೆಗೆ ಕಡಲ ಬದಿಗೆ ಮುಖ ಮಾಡಿ ನಡೆಯಿರಿ, ಸೂರ್ಯನನ್ನೇ ದಿಟ್ಟಿಸಬೇಡಿ ಎಂದೆ. ರಾತ್ರಿ ಮೂರಕ್ಕೆ ಅಡುಗೆಮನೆಯ ಟ್ಯೂಬ್‌ಲೈಟ್ ಹಾಕುವುದು ಪೂರ್ತಿ ಬಂದ್. ಅದು ಮರುದಿನದ ಎಚ್ಚರವನ್ನು ಇನ್ನಷ್ಟು ಬೇಗ ಮಾಡುತ್ತದೆ. ಬಚ್ಚಲಿನ ದಾರಿಗೆ ಒಂದು ಝೀರೋ ಬಲ್ಬು. ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು ಚಾವಡಿಯ ಕುರ್ಚಿಯಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಹೋಗುವುದು.

ಎರಡನೇ ವಾರ ಸೊಸೆಯ ಫೋನ್. "ಅತ್ತೆ ಏಳಕ್ಕೇ ತೂಕಡಿಸ್ತಾರೆ. ಎಬ್ಬಿಸಿದರೆ ಸಿಟ್ಟು. ಪಾಪ ಅಂತ ಅನಿಸ್ತದೆ ಮೇಡಂ."

ಬರಹೇಳಿದೆ. ಸಂಜೆ ಏಳರಿಂದ ಹತ್ತರವರೆಗೆ ಏನು ಮಾಡುತ್ತೀರಿ ಎಂದು ಗಿರಿಜಕ್ಕನನ್ನು ಕೇಳಿದೆ. "ಎಂತ ಉಂಟು ಮಾಡ್ಲಿಕ್ಕೆ? ಟಿವಿ ಕಾಣುವುದಿಲ್ಲ. ಕೆಲಸ ಮುಟ್ಟಲಿಕ್ಕೆ ಇವಳು ಬಿಡುವುದಿಲ್ಲ." ಸ್ವಲ್ಪ ತಡೆದು, "ಕೂತು ತಿನ್ನುವವಳಿಗೆ ನಿದ್ರೆ ಯಾಕೆ ಬರುತ್ತದೆ?" ಎಂದರು. ಸೊಸೆ ಅಳತೊಡಗಿದರು. ಅತ್ತೆ ಜೀವನಪೂರ್ತಿ ದುಡಿದವರು, ಇನ್ನಾದರೂ ಕೂರಲಿ ಎಂದು ಒಂದೊಂದೇ ಕೆಲಸ ತಮ್ಮ ಕೈಗೆ ತೆಗೆದುಕೊಂಡಿದ್ದವರು ಅವರು. ಇಬ್ಬರ ಪ್ರೀತಿಯೂ ನಿಜ. ನಡುವೆ ಸಂಜೆ ಖಾಲಿಯಾಗಿತ್ತು. ಎರಡೂವರೆಗೆ ತೊಳೆಯುತ್ತಿದ್ದ ಪಾತ್ರೆ ಯಾವುದು ಎಂದು ಆಗ ನನಗೆ ಗೊತ್ತಾಯಿತು. ಯಾರೂ ಕಸಿದುಕೊಳ್ಳಲಾಗದ ಹೊತ್ತಿನಲ್ಲಿ ಸಿಕ್ಕ ಕೆಲಸ ಅದು.

ಗಿರಿಜಕ್ಕನ ಒಂದು ಹೆದರಿಕೆಯೂ ಅವತ್ತೇ ಹೊರಬಂತು. ಅವರ ತಾಯಿಗೆ ಕೊನೆಯಲ್ಲಿ ಮರೆವು ಬಂದಿತ್ತು. ಅವರೂ ರಾತ್ರಿ ಓಡಾಡುತ್ತಿದ್ದರು. ತನಗೂ ಅದೇ ಶುರುವಾಯಿತು ಎಂದು ಗಿರಿಜಕ್ಕ ಎರಡೂವರೆಯ ಕತ್ತಲಲ್ಲಿ ಎಣಿಸುತ್ತಿದ್ದರು. ದಾರಿ ತಪ್ಪುವುದು, ಹೆಸರು ಮರೆಯುವುದು, ಲೆಕ್ಕ ತಪ್ಪುವುದು ಒಂದೊಂದಾಗಿ ಕೇಳಿದೆ. ಯಾವುದೂ ಇರಲಿಲ್ಲ. ಆದರೂ ಡಾಕ್ಟರಲ್ಲಿ ನೆನಪಿನ ಪರೀಕ್ಷೆ ಮಾಡಿಸಿದೆವು, ಸರಿ ಇತ್ತು. ಬೇಗ ಎಚ್ಚರವಾದ ಮಾತ್ರಕ್ಕೆ ಮರೆವು ಶುರುವಾಯಿತು ಎಂದಲ್ಲ ಎಂದು ಅವರು ನಂಬಲು ಇದು ಬೇಕಿತ್ತು.

ಸೊಸೆ ರಾತ್ರಿಯ ಕೆಲಸಗಳನ್ನು ಮರಳಿ ಕೊಟ್ಟರು. ನೀರುದೋಸೆಗೆ ಅಕ್ಕಿ ನೆನೆಹಾಕುವುದು, ಬೆಳ್ಳುಳ್ಳಿ ಸುಲಿಯುವುದು, ಮರುದಿನದ ಅಲಸಂಡೆ ಮುರಿಯುವುದು. ಕಣ್ಣು ಬೇಡ, ಬೆರಳು ಸಾಕು. ಜೊತೆಗೆ ದೇವಸ್ಥಾನಕ್ಕೆ ಹತ್ತಿಯ ಬತ್ತಿ ಹೊಸೆಯುವುದು. ಮೊಮ್ಮಗಳು ಎದುರು ಕೂತು ಓದುತ್ತಾಳೆ. ಅಜ್ಜಿ ಇಪ್ಪತ್ತೈದು ಬತ್ತಿಗೊಂದು ಕಟ್ಟು ಕಟ್ಟುತ್ತಾರೆ, ಬೀಡಿಯ ಲೆಕ್ಕದಲ್ಲೇ.

ಐದನೇ ವಾರದಿಂದ ಡೈರಿ ಬದಲಾಯಿತು. ಹತ್ತಕ್ಕೆ ಮಲಗಿ ನಾಲ್ಕೂಕಾಲಿಗೆ ಎಚ್ಚರ. ನಡುವೆ ಒಮ್ಮೆ ಮೂತ್ರಕ್ಕೆ. ಎರಡು ರಾತ್ರಿ ಮಾತ್ರ ಹಳೆಯ ಹಾಗೆ, ಅವತ್ತು ನೆಂಟರ ಮನೆಯಲ್ಲಿ ಮಧ್ಯಾಹ್ನ ಜಾಸ್ತಿ ಮಲಗಿದ್ದರಂತೆ. ಮಾರ್ಚಿನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿದರು, ಮಳೆಗಾಲದ ಮುಂಚೆ ಇನ್ನೊಂದು. ಮಳೆ ಹಿಡಿದ ಮೇಲೆ ಸಂಜೆಯ ನಡಿಗೆ ನಿಂತಿತು ಎಂದು ಬೇಸರಿಸಿದರು. ಚಾವಡಿಯ ಅಂಚಿಗೆ ಕುರ್ಚಿ ಹಾಕಿ ಕೂರಿ ಎಂದೆ. ಮೋಡ ಕವಿದಿದ್ದರೂ ಸಂಜೆ ಐದರ ಹೊರಬೆಳಕು ಟ್ಯೂಬ್‌ಲೈಟಿನ ಕೋಣೆಗಿಂತ ಎಷ್ಟೋ ಜಾಸ್ತಿ.

ಈಗಲೂ ನಾಲ್ಕೂಕಾಲಿಗೆ ಏಳುತ್ತಾರೆ. ಐದಾಗುವವರೆಗೆ ಚಾವಡಿಯಲ್ಲಿ ಕತ್ತಲಲ್ಲೇ ಕೂರುತ್ತಾರೆ. ಐದಕ್ಕೆ ಒಲೆ ಹಚ್ಚಿ ಗಂಜಿಗೆ ನೀರಿಡುತ್ತಾರೆ. ಸೊಸೆ ಆರಕ್ಕೆ ಏಳುತ್ತಾರೆ, ಮೊಮ್ಮಗಳು ಏಳಕ್ಕೆ.