ಯುದ್ಧ ಮುಗಿದರೂ ಊರು ಸಿಗಲಿಲ್ಲ

ಶ್ರೀಲಂಕಾದಲ್ಲಿ ಯುದ್ಧ 2009ರಲ್ಲೇ ಮುಗಿಯಿತಲ್ಲ, ಅಲ್ಲಿನ ತಮಿಳರೆಲ್ಲ ಯಾಕೆ ಊರಿಗೆ ವಾಪಸ್ ಹೋಗಿಲ್ಲ, ಮನಸ್ಸಿಲ್ಲವೇ ಅಂತ ಕೇಳಿದ್ದೀರಿ. ಮನಸ್ಸು ಖಂಡಿತ ಇತ್ತು. ಎಷ್ಟೋ ಕಡೆ ಊರೇ ಅವರ ಕೈಯಲ್ಲಿರಲಿಲ್ಲ.

ಮುಲ್ಲೈತೀವು ಜಿಲ್ಲೆಯ ಕೆಪ್ಪಾಪುಲವು ನೋಡಿ. ಆ ಊರಿನ ಜನ ಮೆನಿಕ್ ಫಾರ್ಮ್ ಎಂಬ ನಿರಾಶ್ರಿತರ ಶಿಬಿರದಲ್ಲಿದ್ದರು. 2012ರ ಸೆಪ್ಟೆಂಬರಿನಲ್ಲಿ ಶಿಬಿರ ಮುಚ್ಚಿದಾಗ ಅವರನ್ನು ಕರೆದೊಯ್ದದ್ದು ಬೇರೆ ಜಾಗಕ್ಕೆ. ಅವರ ಮನೆ, ಗದ್ದೆ ಇದ್ದ ಕಡೆ ಸೈನ್ಯ ಬೀಡುಬಿಟ್ಟಿತ್ತು. ಅಷ್ಟಾದರೂ ಸರ್ಕಾರ ಎಲ್ಲರಿಗೂ ಪುನರ್ವಸತಿ ಆಯಿತು ಅಂದಿತು. ಇದು ನನಗೆ ತುಂಬಾ ಅನ್ಯಾಯ ಅನ್ನಿಸುತ್ತದೆ. 2017ರಲ್ಲಿ ಆ ಜನ, ಅದರಲ್ಲೂ ಹೆಂಗಸರು, ಸೇನಾ ಶಿಬಿರದ ಎದುರೇ ಹಗಲು ರಾತ್ರಿ ಧರಣಿ ಕೂತರು. ಸೈನ್ಯ ಸ್ವಲ್ಪ ಜಮೀನು ಬಿಟ್ಟುಕೊಟ್ಟಿತು, ಪೂರ್ತಿ ಅಲ್ಲ.

ಜಾಫ್ನಾದ ವಲಿಕಾಮಂ ಉತ್ತರ ಎಂಬ ಪ್ರದೇಶದವರು ಯುದ್ಧದಿಂದಾಗಿ ಮನೆ ಬಿಟ್ಟದ್ದು 1990ರಲ್ಲಿ. 2015ರ ನಂತರವೂ ಅಲ್ಲಿ ಸೈನ್ಯದಿಂದ ಭೂಮಿ ವಾಪಸ್ ಸಿಕ್ಕಿದ್ದು ಕಂತು ಕಂತಾಗಿ. ಅಷ್ಟರಲ್ಲಿ ಒಂದು ತಲೆಮಾರು ಹೊರಗೇ ಬೆಳೆದಿತ್ತು, ಆ ಮಕ್ಕಳಿಗೆ ಅಪ್ಪನ ಊರು ಕೇಳಿ ಮಾತ್ರ ಗೊತ್ತು.

ಭೂಮಿ ಸಿಕ್ಕರೂ ಸುಮ್ನೆ ಹೋಗಿ ಉಳಲು ಆಗುವುದಿಲ್ಲ. ನೆಲಬಾಂಬು ತೆಗೆಯಬೇಕು, ಬಾವಿ ಶುಚಿ ಮಾಡಬೇಕು. ಓಡುವಾಗ ಕಳೆದುಹೋದ ಜಮೀನಿನ ಪತ್ರ ಮತ್ತೆ ಮಾಡಿಸಬೇಕು. ಗಂಡ ಸತ್ತ ಅಥವಾ ಕಾಣೆಯಾದ ಹೆಂಗಸರಿಗೆ ಈ ಕೊನೆಯ ಕೆಲಸವೇ ಜಾಸ್ತಿ ಕಷ್ಟ, ಯಾಕೆಂದರೆ ಪತ್ರ ಹೆಚ್ಚಾಗಿ ಗಂಡಸರ ಹೆಸರಲ್ಲೇ ಇರುತ್ತಿತ್ತು.