ಬಲೂನಿನ ಬಟ್ಟೆಯಲ್ಲಿ ತೇಪೆ ಕಂಡರೆ ಹೆದರಬೇಕಾ?

ಟರ್ಕಿಯ ಕಪಡೋಕಿಯಾದಲ್ಲಿ ನೀವು ಹತ್ತಿದ ಬಿಸಿಗಾಳಿ ಬಲೂನಿನ ಕೆಂಪು ಬಟ್ಟೆಯಲ್ಲಿ ಒಂದು ಕಡೆ ಮಾತ್ರ ಗಾಢ ಕೆಂಪಿನ ತೇಪೆ ಇತ್ತು ಅಂದಿರಿ. ಹರಿದಿದ್ದನ್ನು ಗಮ್ ಹಾಕಿ ಅಂಟಿಸಿ ಹಾರಿಸ್ತಾರಾ, ನಮ್ಮೂರ ಟೈಲರ್ ಹೊಲಿದರೆ ಆಗಲ್ವಾ ಅಂತ ಕೇಳಿದ್ದೀರಿ. ಮೊದಲ ಸಲ ತೇಪೆ ನೋಡಿದಾಗ ನನಗೂ ಹೊಟ್ಟೆಯಲ್ಲಿ ಕಲಸಿದಂತಾಗಿತ್ತು.

ನಾನಿರುವುದು ಅಮೆರಿಕದ ಆಲ್ಬುಕರ್ಕಿಯಲ್ಲಿ. 1972ರಲ್ಲಿ 13 ಬಲೂನುಗಳಿಂದ ಶುರುವಾದ ಜಾತ್ರೆ ಇಲ್ಲಿ ಈಗ ಪ್ರತಿ ಅಕ್ಟೋಬರಿನಲ್ಲಿ ನಡೆಯುತ್ತದೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಶನಿವಾರ ಬೆಳಗಿನ ಜಾವ ಎದ್ದು ಒಬ್ಬ ಪೈಲಟ್‌ಗೆ ಬಲೂನ್ ಹರಡಿ, ಹಿಡಿದು, ಮಡಚಿ ಕೊಡುತ್ತೇನೆ. ಸಂಬಳ ಇಲ್ಲ, ತಿಂಡಿ ಉಂಟು.

ಬಟ್ಟೆಗೆ ಪೆಟ್ಟಾಗುವುದು ಹೆಚ್ಚಾಗಿ ನೆಲದ ಮೇಲೇ. ಇಳಿಯುವಾಗ ಗಾಳಿ ಎಳೆದುಕೊಂಡು ಹೋದರೆ ಮುಳ್ಳುತಂತಿ, ಕಳ್ಳಿಗಿಡ. ಇಲ್ಲಿನವರು ‘ಗೋಟ್‌ಹೆಡ್’ ಅಂತ ಬೈಯುವ ಮುಳ್ಳು ಬೇರೆ. ಬಗ್ಗಿ ನೋಡಿದರೆ ನಮ್ಮ ನೆಗ್ಗಿಲು ಮುಳ್ಳು! ಚಿಕ್ಕಂದಿನಲ್ಲಿ ಅಂಗಾಲಿಗೆ ಚುಚ್ಚಿದ್ದು ಇಷ್ಟು ದೂರ ಬಂದರೂ ಬಿಡಲಿಲ್ಲ. ಇನ್ನು ಬಲೂನನ್ನು ಎಬ್ಬಿಸುವಾಗ ಗಾಳಿ ಹೊಡೆದು ಬಟ್ಟೆ ಬರ್ನರ್ ಉರಿಗೆ ಸಿಕ್ಕಿದರೆ ನೈಲಾನ್ ಕರಗಿ ತೂತಾಗುತ್ತದೆ. ಅದಕ್ಕೇ ಬಲೂನಿನ ಕೆಳಗಿನ ಬಾಯಿಯ ಸುತ್ತ ನೊಮೆಕ್ಸ್ ಎಂಬ, ಕರಗದ ಬಟ್ಟೆ ಹಾಕಿರುತ್ತಾರೆ.

ತೂತು ಎಲ್ಲಿದೆ ಅನ್ನೋದು ಮುಖ್ಯ. ಬಲೂನಿನ ಕೆಳಬಾಯಿ ಹೇಗೂ ತೆರೆದೇ ಇರುತ್ತದೆ ಅಲ್ವಾ? ಅಲ್ಲಿ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಮೇಲೆ ಹೋದಂತೆ ಶಾಖವೂ ಜಾಸ್ತಿ, ಒತ್ತಡವೂ ಜಾಸ್ತಿ. ಹಾಗಾಗಿ ಬಾಯಿಯ ಹತ್ತಿರ ನಡೆಯುವ ತೂತು ನೆತ್ತಿಯಲ್ಲಿ ನಡೆಯುವುದಿಲ್ಲ. ಎಲ್ಲಿ ಎಷ್ಟು ದೊಡ್ಡದಾದರೆ ಹಾರಬಾರದು ಅಂತ ತಯಾರಕರ ಕೈಪಿಡಿಯಲ್ಲೇ ಬರೆದಿರುತ್ತದೆ.

ತೂತು ಹುಡುಕುವುದು ನನಗೆ ಬಹಳ ಇಷ್ಟದ ಕೆಲಸ. ಫ್ಯಾನಿನಿಂದ ತಣ್ಣನೆ ಗಾಳಿ ತುಂಬಿ, ಮಲಗಿರುವ ಬಲೂನಿನ ಒಳಗೆ ಬರಿಗಾಲಲ್ಲಿ ನಡೆಯುತ್ತೇವೆ. ಸಣ್ಣ ತೂತುಗಳು ಹಗಲಲ್ಲೇ ನಕ್ಷತ್ರದ ಹಾಗೆ ಹೊಳೆಯುತ್ತವೆ.

ತೀರಾ ಚಿಕ್ಕದಕ್ಕೆ ರಿಪ್‌ಸ್ಟಾಪ್ (ಹರಿದರೂ ಮುಂದೆ ಹಬ್ಬದಂತೆ ನೇಯ್ದ) ಬಟ್ಟೆಯ ಅಂಟುವ ಟೇಪ್ ಸಾಕು. ಆದರೆ ಸಿಲಿಕೋನ್ ಲೇಪದ ಬಟ್ಟೆಗೆ ಮಾಮೂಲಿ ಟೇಪ್ ಕೂರುವುದೇ ಇಲ್ಲ. ಅದಕ್ಕಿಂತ ದೊಡ್ಡದಾದರೆ ಹೊಲಿಗೆಯೇ. ಅದೇ ಜಾತಿಯ ಹೊಸ ಬಟ್ಟೆ, ಹಳೆಯದರ ಹಾಸು ಹೊಕ್ಕಿಗೆ ಸರಿಯಾಗಿ ಹೊಂದಿಸಬೇಕು. ಓರೆಯಾದರೆ ಒಂದು ಕಡೆ ಎಳೆದು ಸುಕ್ಕು ಬೀಳುತ್ತದೆ. ತೇಪೆಯ ಅಂಚನ್ನು ಒಳಗೆ ಮಡಚಿ ಸುತ್ತ ಒಂದು ಸಾಲು ಹೊಲಿಯುತ್ತಾರೆ. ಆಮೇಲೆ ತಿರುಗಿಸಿ, ಹರಿದ ಭಾಗ ಕತ್ತರಿಸಿ, ಉಳಿದ ಅಂಚನ್ನೂ ಮಡಚಿ ಎರಡನೇ ಸಾಲು. ಬಿಟ್ಟುಕೊಂಡ ಅಂಚು ಎಲ್ಲೂ ಕಾಣಬಾರದು. ಜೀನ್ಸ್ ಪ್ಯಾಂಟಿನ ಜೋಡುಹೊಲಿಗೆ ನೋಡಿ, ಹೆಚ್ಚುಕಡಿಮೆ ಹಾಗೆ. ಹರಿದಿದ್ದು ತುಂಬಾ ಉದ್ದವಾಗಿದ್ದರೆ ತೇಪೆ ಬಿಟ್ಟು ಇಡೀ ತುಂಡನ್ನೇ ಬಿಚ್ಚಿ ಬದಲಾಯಿಸುತ್ತಾರೆ.

ಟೈಲರ್ ಮಾಡಬಹುದಾ? ಕೈಚಳಕ ಖಂಡಿತ ಇರುತ್ತದೆ. ಆದರೆ 100 ಕೆಜಿ ಹತ್ತಿರದ ಬಟ್ಟೆರಾಶಿಯನ್ನು ಮಿಷನ್ ಸೂಜಿಯ ಕೆಳಗೆ ಸರಿಸುವವರು ಯಾರು? ನಾಲ್ಕು ಜನ ಬೇಕು. ದಾರವೂ ಕೈಪಿಡಿ ಹೇಳಿದ್ದೇ ಆಗಬೇಕು. ಅಮೆರಿಕದ ನಿಯಮದಲ್ಲಿ ತಯಾರಕರು ಒಪ್ಪಿದಷ್ಟು ಸಣ್ಣ ತೇಪೆಯನ್ನು ತನ್ನ ಸ್ವಂತ ಬಲೂನಿಗೆ ಪೈಲಟ್ ತಾನೇ ಹಾಕಬಹುದು, ಆದರೆ ಲೋಡ್ ಟೇಪ್ ಮುಟ್ಟುವ ಹಾಗಿಲ್ಲ. ಬುಟ್ಟಿಯ ಭಾರ ಹೊರುವ ಉದ್ದುದ್ದ ಪಟ್ಟಿಗಳವು. ಅವು ಕತ್ತರಿಸಿದ್ದರೆ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಹೋಗಬೇಕು. ಯಾವುದೇ ರಿಪೇರಿಯಾದರೂ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು.

ನಿಜ ಹೇಳಬೇಕೆಂದರೆ ತೇಪೆ ಇರುವ ಬಲೂನ್ ನೋಡಿದರೆ ನನಗೆ ಸಮಾಧಾನ, ಯಾರೋ ಕಣ್ಣಿಟ್ಟು ನೋಡಿದ್ದಾರೆ. ಹೆದರಿಕೆ ಇರುವುದು ಒಂದೂ ತೂತಿಲ್ಲದೆ ಸವೆದುಹೋದ ಬಟ್ಟೆಯದ್ದು. ಬಿಸಿಲು, ಶಾಖ, ಒದ್ದೆಯಾಗಿ ಮಡಚಿಟ್ಟಾಗ ಬರುವ ಬೂಷ್ಟು, ಇವು ಸುಮ್ನೆ ಒಳಗೊಳಗೇ ತಿನ್ನುತ್ತವೆ. ಅದಕ್ಕೇ ತಪಾಸಣೆಯಲ್ಲಿ ಬಟ್ಟೆಗೆ ಎರಡು ಕ್ಲಾಂಪ್ ಹಾಕಿ, ಸ್ಪ್ರಿಂಗ್ ತಕ್ಕಡಿಯಿಂದ ಜಗ್ಗಿ ನೋಡುತ್ತಾರೆ. ಒಮ್ಮೆ ನೆತ್ತಿಯ ಹತ್ತಿರ ಹೀಗೆ ಜಗ್ಗಿದಾಗ ಹಳೇ ಪೇಪರ್ ಹರಿದ ಹಾಗೆ ಪರ್ ಅಂತ ಹೋಯಿತು. ನೋಡಲು ಚೆನ್ನಾಗೇ ಇತ್ತು. ಆ ಬಲೂನ್ ಮತ್ತೆ ಹಾರಲಿಲ್ಲ. ಅಂಥ ಬಟ್ಟೆಗೆ ತೇಪೆ ಹಾಕಿದರೂ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ.

ಅಂದ ಹಾಗೆ, ನೀವು ನೋಡಿದ ತೇಪೆ ಬೇರೆ ಬಣ್ಣದ್ದಾಗಿರಲಿಕ್ಕಿಲ್ಲ. ಹೊಸದರಲ್ಲಿ ಇಡೀ ಬಲೂನೂ ಅಷ್ಟೇ ಕೆಂಪಗಿದ್ದಿರಬೇಕು.